ಅಕ್ಕಡಿ ಸಾಲೂ ಊಟದ ತಣಿಗೆಯೂ

ಹೆಬ್ಬಾಳದ ಸುತ್ತಣ ಕೆಂಪು ನೆಲದಲ್ಲಿ ರಾಗಿಯ ಹೊಲವೆಂದರೆ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲುಗಳಿರತಕ್ಕದ್ದೆಂಬ ವಾಡಿಕೆಯಿದ್ದಿತು. ಇಂದು ಇಲ್ಲಿ ಕಟ್ಟಡಗಳೆದ್ದಿವೆ. ಯಲಹಂಕ, ದೊಡ್ಡಬಳ್ಳಾಪುರಗಳ ಕಡೆ ಉಳಿದಿರುವ ಹೊಲಗಳಲ್ಲಿಯೂ ಕೊಯ್ಲಿಗೆ ತೊಡಕೆಂದು ಅನೇಕರು ಅಕ್ಕಡಿಯನ್ನು ಕೈಬಿಟ್ಟಿರುವರು. ಇದು ಬರಿಯ ಬೇಸಾಯದ ಮಾತಲ್ಲ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ಆದರೆ ರಾಗಿಯಲ್ಲಿ ಸಸಾರಜನಕವು 7 ಗ್ರಾಮಿನಷ್ಟೇ. ಒಣ ಅವರೆಯಲ್ಲಿ ಸುಮಾರು 20. ರಾಗಿಯಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವನ್ನು ಅವರೆಯು ತುಂಬಿಕೊಡುವುದು. ಮುದ್ದೆಗೆ ಕಾಳುಸಾರನ್ನು ಜೊತೆಮಾಡಿದ ನಮ್ಮ ಹಿರಿಯರು ಪ್ರಯೋಗಶಾಲೆಯನ್ನು ಕಂಡವರಲ್ಲ! ಹೊಲದಲ್ಲಿ ಅವರೆಯ ಸಾಲು ಹೋದರೆ, ಕಾಳನ್ನು ಕೊಂಡು ತರಲಾರದ ಮನೆಗಳಲ್ಲಿ ಸಾರು ನೀರಾಗುವುದು. ಅದರ ನಷ್ಟವನ್ನು ಬೆಳೆಯುವ ಮಕ್ಕಳು ಮೊದಲು ಉಣ್ಣುವರು.

1913ರಲ್ಲಿ ವ್ಯವಸಾಯ ಶಾಲೆ ಸ್ಥಾಪಿತವಾದ ಈ ಹೆಬ್ಬಾಳದಲ್ಲಿ ರಾಗಿಯ ತಳಿಗಳ ಕೆಲಸ ಬಹಳ ನಡೆದಿದೆ. ಎಕರೆಗೆ ಇಷ್ಟು ಚೀಲವೆಂದು ಮಾತ್ರ ಎಣಿಸುವ ನಮ್ಮಂಥವರ ತಪ್ಪೂ ಇದರಲ್ಲಿ ಇಲ್ಲದಿಲ್ಲ. ಆದುದರಿಂದ ಗ್ರಾಮದ ಮುಖಂಡರಲ್ಲಿಯೂ ಜಮೀನ್ದಾರರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ: ಬರುವ ಮುಂಗಾರಿನಲ್ಲಿ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆಯನ್ನು ತಾವೇ ಮೊದಲು ಬಿತ್ತಿಸಿರಿ, ಕೊಯ್ಲಿನಲ್ಲಿ ದುಡಿದವರಿಗೆ ಕೂಲಿಯ ಮೇಲೆ ಒಂದಿಷ್ಟು ಕಾಳನ್ನೂ ಅಳೆದುಕೊಡಿರಿ.