ಟಿವಿ ಕಪಾಟಿಗೂ ಒಂದು ಬೆಳಕಿಂಡಿ ಇರಲಿ

ಈಗ ನಮ್ಮ ಕಡೆ ಯಾರೇ ಹೊಸ ಮನೆ ಕಟ್ಟಲಿ, ಹಾಲ್‌ನಲ್ಲಿ ಗೋಡೆಗೆ ಕೂಡಿಸಿದ ಪ್ಲೈವುಡ್ ಟಿವಿ ಕಪಾಟು ಇರಲೇಬೇಕು. ಸೆಟ್‌ಟಾಪ್ ಬಾಕ್ಸ್, ವೈಫೈ ರೌಟರ್, ಸೌಂಡ್ ಸಿಸ್ಟಮ್ ಎಲ್ಲಾ ಒಳಗೆ, ಮುಂದೆ ಫಳಫಳ ಹೊಳೆಯುವ ಬಾಗಿಲು. ನೋಡೋಕೆ ಚಂದ. ಆದರೆ ವರ್ಕ್ ಫ್ರಮ್ ಹೋಮ್ ಇದ್ದಾಗ ಮಧ್ಯಾಹ್ನದ ಮೀಟಿಂಗ್‌ನಲ್ಲೇ ನಿಮ್ಮ ಧ್ವನಿ ಕಟ್ ಆಗ್ತಿದ್ರೆ, ನೆಟ್‌ನವರಿಗೆ ಬೈಯುವ ಮೊದಲು ಆ ಬಾಗಿಲು ತೆಗೆದು ರೌಟರ್ ಮುಟ್ಟಿ ನೋಡಿ.

ಇವು ಎಳೆಯುವ ಕರೆಂಟ್ ಹೆಚ್ಚುಕಮ್ಮಿ ಪೂರ್ತಿ ಶಾಖವಾಗುತ್ತದೆ. ಎಲ್ಲಾ ಸೇರಿ 50 ವ್ಯಾಟ್ ಅಂದರೆ, ಮುಚ್ಚಿದ ಪೆಟ್ಟಿಗೆಯಲ್ಲಿ ಹಳೇ ಕಾಲದ ಬಲ್ಬ್ ಉರಿಸಿಟ್ಟ ಹಾಗೆ. ಮನೆಬಳಕೆಯ ಬಹಳಷ್ಟು ರೌಟರ್‌ಗಳ ಮಿತಿ 40 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಬಿಸಿಲಲ್ಲಿ ಕೋಣೆಯೇ 33–34 ಇದ್ದರೆ, ಕಪಾಟಿನೊಳಗೆ ಆ ಮಿತಿ ದಾಟಲು ಎಷ್ಟು ಹೊತ್ತು?

ಎಂ.ಕೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಈ ಮಾತು ತೆಗೆದಾಗ ಅವ್ವ ಒಪ್ಪಲಿಲ್ಲ. “ಬಾಗ್ಲಾ ತಗದಿಟ್ರ ಹೈವೇ ಧೂಳೆಲ್ಲಾ ಒಳಗ ಬರತೈತಿ” ಅಂದಳು. ಮಾತು ಖರೆ. ಬೆಂಗಳೂರು–ಪುಣೆ ಹೆದ್ದಾರಿ ಊರಿನ ಮಗ್ಗುಲಲ್ಲೇ ಇದೆ. ಧೂಳು ಕೂತರೂ ಯಂತ್ರ ಬಿಸಿಯಾಗುತ್ತದೆ. ಹಾಗಾಗಿ ಬಾಗಿಲು ಮುಚ್ಚಿಯೇ ಗಾಳಿ ಆಡಿಸಬೇಕು.

ಉಪಾಯ ನಮ್ಮ ಮಣ್ಣಿನ ಮಾಳಿಗೆ ಮನೆಗಳಲ್ಲೇ ಇತ್ತು. ಒಲೆಯ ಹೊಗೆ ಬೆಳಕಿಂಡಿಯಿಂದ ಮೇಲೆ ಹೋದರೆ, ತಂಪು ಗಾಳಿ ಬಾಗಿಲಿಂದ ಒಳಗೆ ಬರುತ್ತಿತ್ತು. ಬಿಸಿ ಗಾಳಿ ಹಗುರ. ಅದು ಹೋಗಲು ಮೇಲೊಂದು ದಾರಿ, ಹೊಸ ಗಾಳಿ ಬರಲು ಕೆಳಗೊಂದು ದಾರಿ, ಎರಡೂ ಬೇಕು. ವೈರ್‌ಗೆಂದು ಕೊರೆದ ಒಂದೇ ತೂತು ಸಾಲದು.

ಬಡಿಗೇರರಿಗೆ ಹೀಗೆ ಹೇಳಿ:

• ಕೆಳಗೊಂದು, ಮೇಲೊಂದು ಸೀಳು. 2 ಇಂಚು ಅಗಲ, 1 ಅಡಿ ಉದ್ದ. ಹಿಂದೆ ಗೋಡೆಯಿದ್ದರೆ ಬದಿಗೆ ಅಥವಾ ಬಾಗಿಲಿಗೇ ಇರಲಿ. ರೌಟರ್, ಸೆಟ್‌ಟಾಪ್ ಬಾಕ್ಸ್ ಮಾತ್ರ ಇದ್ದರೆ ಇಷ್ಟು ಸಾಕಾಗಬಹುದು.

• ನಡುವಿನ ಹಲಗೆ ಹಿಂಗೋಡೆಗೆ ತಾಗದೆ ಎರಡಿಂಚು ಬಿಟ್ಟಿರಲಿ. ಇಲ್ಲದಿದ್ದರೆ ಬಿಸಿ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ.

• ಸೌಂಡ್ ಸಿಸ್ಟಮ್ ಕೂಡ ಇದ್ದರೆ, ಕೆಳಗೆ ಸೀಳಿನ ಬದಲು 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಕೂಡಿಸಿ. 50 ವ್ಯಾಟ್ ಶಾಖವನ್ನು 5 ಡಿಗ್ರಿ ಏರಿಕೆಯೊಳಗೆ ಹಿಡಿಯಲು ಗಂಟೆಗೆ ಸುಮಾರು 30 ಘನಮೀಟರ್ ಗಾಳಿ ಬೇಕು. ಈ ಫ್ಯಾನ್ ಸದ್ದಿಲ್ಲದೆ ಅಷ್ಟು ಕೊಡುತ್ತದೆ.

• ಫ್ಯಾನ್ ಗಾಳಿಯನ್ನು ಒಳಕ್ಕೆ ತಳ್ಳಲಿ, ಮುಂದೆ ಫೋಮ್ ಫಿಲ್ಟರ್ ಇರಲಿ. ಆಗ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆ, ಧೂಳು ಒಳಗೆ ನುಗ್ಗುವುದು ಕಡಿಮೆ. ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಿರಿ.

ಇನ್ನೊಂದು ಮಾತು: ಜಾಗ ಇದೆ ಅಂತ ಇನ್ವರ್ಟರ್ ಬ್ಯಾಟರಿಯನ್ನು ಅದೇ ಕಪಾಟಿಗೆ ತುರುಕಬೇಡಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಜಾಗದಲ್ಲಿ ಅದು ತುಂಬಿಕೊಂಡರೆ ಒಂದು ಕಿಡಿ ಸಾಕು.

ಸನ್‌ಮೈಕಾ ಅಂಟಿಸುವ ಮೊದಲೇ ಹೇಳಿದರೆ ಇದು ಬಡಿಗೇರರಿಗೆ ಸಣ್ಣ ಕೆಲಸ. ಆಮೇಲೆ ಹೇಳಿದರೆ ಚಂದದ ಕಪಾಟು ಕೊರೆಯೋಕೆ ಮನೆಯಲ್ಲಿ ಯಾರೂ ಒಪ್ಪೋದಿಲ್ಲ, ನೋಡ್ರಿ!