ಗಟ್ಟಿ ಹಣದ ಪ್ರಬಂಧವೂ ಮಹ್ರ್‌ನ ಲೆಕ್ಕವೂ

ಹಣವು ತನ್ನ ಕೊಳ್ಳುವ ಶಕ್ತಿಯನ್ನು ಉಳಿಸಿಕೊಳ್ಳಬೇಕು, ಸರಕಾರವು ಬೆಲೆಗಳಲ್ಲಿ ಕೈಯಾಡಿಸಬಾರದು ಎಂದು ನಂಬುವ ಸಂಸ್ಥೆಗಳು ಇದೇ ವಿಷಯಗಳ ಮೇಲೆ ವಿದ್ಯಾರ್ಥಿಗಳಿಗಾಗಿ ಪ್ರಬಂಧ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ದೇವರಾಜ ಮೊಹಲ್ಲಾದ ನಮ್ಮ ಕಾಲೇಜು ಮಕ್ಕಳು ಇವುಗಳಲ್ಲಿ ಭಾಗವಹಿಸಬೇಕೇ? ಬಂಡವಾಳಶಾಹಿಗಳ ಗೊಡವೆ ನಮಗೇಕೆ ಎಂಬ ಉತ್ತರ ನಮ್ಮಲ್ಲಿ ಬಲು ಬೇಗ ಹೊರಡುತ್ತದೆ. ನಾವು ಅದನ್ನು ಒಪ್ಪುವುದಿಲ್ಲ. ಮಕ್ಕಳು ಬರೆಯಲಿ, ಆದರೆ ಬಹುಮಾನ ಕೊಡುವವರ ಮುಖ ನೋಡಿ ಬರೆಯುವುದು ಬೇಡ.

ಹಣದ ಸವಕಳಿ ನಮ್ಮ ಮನೆಗಳಿಗೆ ದೂರದ ಸಂಗತಿಯಲ್ಲ. 1980ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಸುಮಾರು 1,300 ರೂಪಾಯಿ. ಆಗಿನ ನಿಕಾಹ್‌ನಾಮೆಯಲ್ಲಿ 'ನಂತರ ಕೊಡತಕ್ಕದ್ದು' ಎಂದು 5,000 ರೂಪಾಯಿ ಮಹ್ರ್ ಬರೆಸಿದ್ದರೆ, ಅದು ಹೆಚ್ಚುಕಡಿಮೆ ನಾಲ್ಕೂಮುಕ್ಕಾಲು ಪವನಿನ ಹಕ್ಕು. ಇಂದು ಅದೇ ಹಣಕ್ಕೆ ಒಂದು ಗ್ರಾಂ ಚಿನ್ನವೂ ಬಾರದು. ಸಾಲವನ್ನು ಬರೆದ ಮೊತ್ತದಲ್ಲೇ ತೀರಿಸಬೇಕೆಂಬುದು ಬಹುಪಾಲು ವಿದ್ವಾಂಸರ ನಿಲುವಾದ್ದರಿಂದ, ಪತಿಯ ಮರಣಾನಂತರ ವಿಧವೆಯ ಕೈಗೆ ಬರುವುದು ಆ ಐದು ಸಾವಿರವೇ. ಕಳ್ಳರು ಬರಲಿಲ್ಲ, ಯಾರೂ ಮೋಸದ ಮಾತಾಡಲಿಲ್ಲ, ಆದರೂ ಒಬ್ಬ ಹೆಣ್ಣಿನ ಹಕ್ಕು ಕರಗಿಹೋಯಿತು. ಹದಿನೈದನೇ ಶತಮಾನದ ಆರಂಭದಲ್ಲಿ ಕೈರೋದ ಇತಿಹಾಸಕಾರ ಅಲ್-ಮಕ್ರೀಝಿ, ತಾಮ್ರದ ನಾಣ್ಯಗಳ ಪ್ರವಾಹದಿಂದ ಬೆಲೆಗಳೇರಿ ಜನ ನಲುಗಿದ್ದನ್ನು ಕಂಡೇ ತನ್ನ ಗ್ರಂಥವನ್ನು ಬರೆದಿದ್ದನು.

ನಮ್ಮ ನೆಲದಲ್ಲೂ ಇದನ್ನು ಎಚ್ಚರಿಸಿದವರಿದ್ದರು. ಇಂದಿನ ಕಾಸರಗೋಡು ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ 1905ರಲ್ಲಿ ಜನಿಸಿದ ಬಿ.ಆರ್. ಶೆಣೈಯವರು ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯ ಸದಸ್ಯರಾಗಿದ್ದರು. 1955ರಲ್ಲಿ ಅದಕ್ಕೆ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಆದಾಯಕ್ಕೆ ಮೀರಿದ ಖರ್ಚನ್ನು ಹೊಸ ಹಣ ಸೃಷ್ಟಿಸಿ ತುಂಬಿಸಹೊರಟರೆ ಬೆಲೆಗಳು ಏರುತ್ತವೆ ಎಂಬುದು ಅವರ ವಾದ. ಎರಡು ವರ್ಷಗಳಲ್ಲೇ ವಿದೇಶಿ ವಿನಿಮಯದ ಬಿಕ್ಕಟ್ಟು ತಲೆದೋರಿತು. 1966ರ ಜೂನ್ 6ರಂದು, 4.76 ರೂಪಾಯಿಯಿದ್ದ ಡಾಲರು 7.50 ರೂಪಾಯಿಯಾಯಿತು. ಯುದ್ಧ ಮತ್ತು ಬರಗಾಲಗಳ ಪಾಲೂ ಇದರಲ್ಲಿತ್ತು. ಎಲ್ಲವನ್ನೂ ಶೆಣೈಯವರ ಭವಿಷ್ಯವಾಣಿಯ ಖಾತೆಗೆ ಬರೆಯಲಾಗದು. ಅವರ ಹಿರಿಮೆಯಿರುವುದು ಒಂಟಿಯಾಗಿ ನಿಂತು ಹೇಳಿದ್ದರಲ್ಲಿ. ಅವರನ್ನು ಕೊಂಡಾಡುವ ಸಂಸ್ಥೆಗಳು ತಮ್ಮ ಸ್ಪರ್ಧೆಗೆ ಬಂದ ಭಿನ್ನಮತದ ಪ್ರಬಂಧವನ್ನೂ ಅಷ್ಟೇ ಗೌರವದಿಂದ ಓದುತ್ತವೆಯೇ? ತೀರ್ಮಾನವನ್ನು ಮೊದಲೇ ಹೇಳಿಕೊಟ್ಟು ಪ್ರಬಂಧ ಬರೆಸಿದರೆ ಅದು ವಿಚಾರವಲ್ಲ, ಉಕ್ತಲೇಖನ.

ಮಾರುಕಟ್ಟೆಯ ಸ್ವಾತಂತ್ರ್ಯದ ಕುರಿತು ನಮ್ಮ ಮಕ್ಕಳು ಬೇರೆಯವರಿಂದ ಕಡ ತರಬೇಕಿಲ್ಲ. ಮದೀನಾದಲ್ಲಿ ಬೆಲೆಗಳೇರಿ ಜನರು ದರ ನಿಗದಿಪಡಿಸಲು ಕೋರಿದಾಗ ಪ್ರವಾದಿ(ಸ)ರು ಒಪ್ಪಲಿಲ್ಲ. ಯಾರ ಸೊತ್ತಿನ ವಿಷಯದಲ್ಲೂ ಅನ್ಯಾಯದ ದೂರನ್ನು ಹೊತ್ತು ಅಲ್ಲಾಹನನ್ನು ಭೇಟಿಯಾಗಲು ಅವರು ಬಯಸಲಿಲ್ಲ. ಮುಕ್ತ ಮಾರುಕಟ್ಟೆಯ ಪ್ರತಿಪಾದಕರು ಇಷ್ಟನ್ನು ಸಂತೋಷದಿಂದ ಉಲ್ಲೇಖಿಸಬಹುದು. ಆದರೆ ಬೆಲೆಯೇರಿಕೆಗಾಗಿ ದಾಸ್ತಾನಿಡುವುದನ್ನೂ, ಸಂತೆಯ ದರ ತಿಳಿಯದ ಹಳ್ಳಿಗನನ್ನು ಊರ ಹೊರಗೇ ಎದುರುಗೊಂಡು ಅಗ್ಗಕ್ಕೆ ಕೊಳ್ಳುವುದನ್ನೂ ಅವರೇ ನಿಷೇಧಿಸಿದ್ದರು. ತೂಕದಲ್ಲಿ ವಂಚಿಸುವವರ ಕುರಿತು ಕುರ್‌ಆನಿನ ಒಂದು ಅಧ್ಯಾಯವೇ ಆರಂಭವಾಗುತ್ತದೆ. ಬಡ್ಡಿಯ ಮಾತಂತೂ ಎಲ್ಲರಿಗೂ ತಿಳಿದದ್ದೇ. ದೇವರಾಜ ಮಾರುಕಟ್ಟೆಯಲ್ಲಿ ದಿನದ ಬಡ್ಡಿಗೆ ಸಾಲ ತಂದು ಹೂವು ಮಾರುವವರಿದ್ದರೆ, ಅವರ ಸ್ವಾತಂತ್ರ್ಯ ಎಷ್ಟರದು ಎಂಬ ಪ್ರಶ್ನೆಯೂ ಪ್ರಬಂಧದಲ್ಲಿ ಬರಲಿ. ತೀರ್ಪುಗಾರರಿಗೆ ರುಚಿಸದೆ ಬಹುಮಾನ ತಪ್ಪಿದರೆ ತಪ್ಪಲಿ.

ಬರೆಯುವ ಮೊದಲು ಮಗನೋ ಮಗಳೋ ಅಜ್ಜಿಯ ನಿಕಾಹ್‌ನಾಮೆಯನ್ನು ಕೇಳಿ ಪಡೆದು, ಅದರಲ್ಲಿನ ಮೊತ್ತವು ಅಂದು ಎಷ್ಟು ಚಿನ್ನಕ್ಕೆ ಸಮನಾಗಿತ್ತು, ಇಂದು ಎಷ್ಟಕ್ಕೆ ಎಂದು ಲೆಕ್ಕ ಹಾಕಲಿ. ಆ ಕಾಗದವನ್ನು ಹೆತ್ತವರೂ ಒಮ್ಮೆ ನೋಡಲಿ, ಮನೆಯ ಮುಂದಿನ ನಿಕಾಹ್‌ನಲ್ಲಿ ಮಹ್ರನ್ನು ಗ್ರಾಂ ಲೆಕ್ಕದಲ್ಲಿ ಬರೆಸುವ ಮಾತು ಆಗಲೇ ಶುರುವಾಗಲಿ.