ಶಿಂಷೆಯ ಪಕ್ಕದ ಕಾಲುದಾರಿಗಳನ್ನು ಬಿಡಿಸಿಕೊಡಿ

ದೇವರಾಯನದುರ್ಗದಿಂದ ಮಾರ್ಕೋನಹಳ್ಳಿ ಜಲಾಶಯದವರೆಗೆ ಶಿಂಷಾ ನದಿಯ ಜೊತೆಜೊತೆಗೇ ನಡೆದು ಹೋಗುವ ಒಂದು ದಾರಿ ಬೇಕು ಎಂದು ನಾನು ಹೇಳಿದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ಜಮೀನು ಕೊಡುವವರು ಯಾರು? ಭೂಮಾಪಕನಾಗಿ ದುಡಿದು ನಿವೃತ್ತನಾದವನು ನಾನು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಗ್ರಾಮ ನಕಾಶೆಗಳನ್ನು ಬಿಡಿಸಿ ನೋಡುವುದೇ ನನ್ನ ಅನ್ನವಾಗಿತ್ತು. ಆ ಬಲದಿಂದ ಹೇಳುತ್ತೇನೆ, ಯಾರೂ ಒಂದು ಗುಂಟೆಯನ್ನೂ ಕೊಡಬೇಕಾಗಿಲ್ಲ. ದಾರಿಗಳು ನಕಾಶೆಯಲ್ಲಿ ಇದ್ದೇ ಇವೆ. ಒಂಟಿ ಚುಕ್ಕಿಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿದಾರಿ. ಹಳ್ಳಿಯ ಜನ ಇವಕ್ಕೆ ನಕಾಶೆ ಕಂಡ ದಾರಿ ಎನ್ನುತ್ತಾರೆ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ದಾರಿ, ಹಳ್ಳ, ಕೆರೆ, ನದಿ ಎಲ್ಲವೂ ಸರ್ಕಾರದ್ದು, ಅಂದರೆ ನಮ್ಮೆಲ್ಲರದ್ದು.

ಈ ಆಸೆ ನನ್ನಲ್ಲಿ ಗಟ್ಟಿಯಾದದ್ದು ಜರ್ಮನಿಯಲ್ಲಿ. ಮಗಳು ಅಳಿಯ ಇರುವುದು ಕೊಬ್ಲೆನ್ಸ್ ಊರಿನಲ್ಲಿ. ಅಲ್ಲಿ ಮೋಸೆಲ್ ನದಿ ರೈನ್ ನದಿಯನ್ನು ಸೇರುತ್ತದೆ. ಆ ಕಣಿವೆಯ ಎರಡೂ ಮಗ್ಗುಲಿಗೆ, ನಿಂತರೆ ಕಾಲು ಜಾರುವಷ್ಟು ಕಡಿದಾದ ಇಳಿಜಾರುಗಳಲ್ಲಿ, ವೈನ್ ದ್ರಾಕ್ಷಿಯ ತೋಟಗಳು. ಅವುಗಳ ನಡುವೆಯೇ ಮೋಸೆಲ್‌ಸ್ಟೈಗ್ ಎಂಬ ಕಾಲುದಾರಿ ಹಾದುಹೋಗುತ್ತದೆ. 365 ಕಿಲೋಮೀಟರ್ ಉದ್ದ, 24 ಹಂತ, 2014ರಲ್ಲಿ ತೆರೆದದ್ದು. ಅದರ ಒಂದು ತುಂಡಿನಲ್ಲಿ ಮಗಳೊಂದಿಗೆ ನಡೆದೆ. ಕವಲು ಬಂದಲ್ಲೆಲ್ಲ ಒಂದು ಗುರುತು, ಅಷ್ಟೇ. ಕಾಂಕ್ರೀಟು ಇಲ್ಲ, ಕಮಾನು ಇಲ್ಲ, ಉದ್ಘಾಟಕರ ಹೆಸರಿನ ಕಲ್ಲೂ ನನಗೆ ಕಾಣಲಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳ ಮಟ್ಟಿಗೆ ದ್ರಾಕ್ಷಿ ಬೆಳೆಗಾರ ತನ್ನ ಮನೆಯಂಗಳದಲ್ಲೇ 40 ಜನ ಕೂರುವಷ್ಟು ಬೆಂಚು ಹಾಕಿ, ತಾನು ಮಾಡಿದ ವೈನನ್ನೂ ಸರಳ ಊಟವನ್ನೂ ಮಾರಲು ಅಲ್ಲಿನ ಕಾನೂನು ಬಿಡುತ್ತದೆ. ನಡೆಯುವವರ ದುಡ್ಡು ದಾರಿಯ ಪಕ್ಕದ ಮನೆಗೇ ಸೇರುತ್ತದೆ.

ನಮ್ಮಲ್ಲಿ ದ್ರಾಕ್ಷಿ ಇಲ್ಲ; ತೆಂಗು, ಅಡಿಕೆ ಇದೆ. ಕಣಿವೆಯ ಸೊಬಗಿಗಂತೂ ಏನೂ ಕಡಿಮೆ ಇಲ್ಲ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಎರಡು ನದಿ ಹುಟ್ಟುತ್ತವೆ. ಜಯಮಂಗಲಿ ಬಡಗಣಕ್ಕೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷೆ ತೆಂಕಣಕ್ಕೆ ಇಳಿದು ಕಾವೇರಿಯನ್ನು ಸೇರುತ್ತಾಳೆ. ಒಂದೇ ಬೆಟ್ಟದ ಮಳೆ ಎರಡು ನದಿಗಳಿಗೆ ಹಂಚಿಹೋಗುವುದನ್ನು ಶಾಲೆಯ ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ತುಮಕೂರಿನ ಸುತ್ತ ಇನ್ನೊಂದಿಲ್ಲ. ಕೆಳಗೆ ಬಂದು ಸ್ವಲ್ಪ ಬಳಸಿದರೆ ಗೂಳೂರಿನ ಪಕ್ಕದ ಕೈದಾಳ, ಅಲ್ಲಿ ಹೊಯ್ಸಳರ ಕಾಲದ ಚನ್ನಕೇಶವ, ಜಕಣಾಚಾರಿಯ ಕಥೆ. ಆಮೇಲೆ ಗುಬ್ಬಿ ತಾಲ್ಲೂಕಿನ ಕಡಬ.

ಕಡಬದ ಕೆರೆ ಏರಿಯ ಮೇಲೆ ನಿಂತವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಶಿಂಷೆಗೇ ಅಡ್ಡ ಕಟ್ಟಿದ ಕೆರೆ ಅದು. ಈ ಊರಿನಲ್ಲಿ ಸಿಕ್ಕ ರಾಷ್ಟ್ರಕೂಟರ ತಾಮ್ರಶಾಸನ ಒಂಬತ್ತನೇ ಶತಮಾನದ್ದು. ಜನ ಇಲ್ಲಿ ಅಷ್ಟು ಕಾಲದಿಂದ ನೀರು ನಂಬಿ ಬದುಕಿದ್ದಾರೆ. ಏರಿಯ ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ತೂಬಿನ ಕೆಳಗಿನ ಅಚ್ಚುಕಟ್ಟು. ತೋಟದೊಳಗೆ ಇಳಿದರೆ ಏಪ್ರಿಲ್ ಮಧ್ಯಾಹ್ನದಲ್ಲೂ ಮೈ ತಣ್ಣಗಾಗುತ್ತದೆ: ಮೇಲೆ ತೆಂಗು, ಅದರಡಿ ಅಡಿಕೆ, ಅಡಿಕೆಗೆ ಹಬ್ಬಿದ ವೀಳ್ಯದೆಲೆ ಇಲ್ಲವೇ ಮೆಣಸು, ನಡುನಡುವೆ ಬಾಳೆ. ಗುಬ್ಬಿ ತಾಲ್ಲೂಕಿನದೇ ಚೇಳೂರು ಕಡೆಯ ಹಲಸು ಬೇರೆ. ಕೆಂದೊಳೆಯ ಸಿದ್ದು ಹಲಸು ಅಲ್ಲಿಯದೇ. ಅದರ ಸಸಿಗಳನ್ನು ಹೀರೇಹಳ್ಳಿಯ ತೋಟಗಾರಿಕೆ ಕೇಂದ್ರದ ವಿಜ್ಞಾನಿಗಳು ರೈತನ ಜೊತೆ ಸೇರಿ ನಾಡಿಗೆಲ್ಲ ಹಂಚಿದರು.

ಮುಂದೆ ತುರುವೇಕೆರೆ ಸೀಮೆಯನ್ನು ಸವರಿಕೊಂಡು ಹೊಳೆ ಕುಣಿಗಲ್ ತಾಲ್ಲೂಕಿಗೆ ಬರುತ್ತದೆ. ಮಾರ್ಕೋನಹಳ್ಳಿ ಅಣೆಕಟ್ಟೆಯ ಸೈಫನ್‌ಗಳನ್ನು ಎಷ್ಟು ಸಲ ನೋಡಿದರೂ ನನಗೆ ಬೆರಗು ಹೋಗಿಲ್ಲ. ನೀರು ಗೊತ್ತಾದ ಮಟ್ಟ ಮುಟ್ಟಿದ ಕೂಡಲೇ ಅವು ತಾವೇ ಹೀರಿಕೊಂಡು ಹೊರಗೆ ಹರಿಸುತ್ತವೆ, ಗೇಟು ಎತ್ತಲು ಆಳು ಬೇಡ. ಪಕ್ಕದಲ್ಲೇ ಸಿದ್ಧಲಿಂಗ ಯತಿಗಳು ತಪಸ್ಸು ಮಾಡಿದ ಕಗ್ಗೆರೆ, ಅವರ ಗದ್ದುಗೆಯಿರುವ ಎಡೆಯೂರು.

ಇಷ್ಟೆಲ್ಲ ಇದ್ದೂ ದಾರಿ ಮುಚ್ಚಿಹೋಗುತ್ತಿದೆ. ಎತ್ತಿನ ಗಾಡಿ ಹೋಯಿತು, ಬಂಡಿದಾರಿಗೆ ಗಾಡಿಯ ಜಾಡು ತಪ್ಪಿತು. ಟ್ರ್ಯಾಕ್ಟರ್‌ಗೆ ಅದು ಸಾಲದು, ಬೈಕಿನವನಿಗೆ ಟಾರು ರಸ್ತೆಯೇ ಸುಲಭ. ಕೊಳವೆ ಬಾವಿ ಬಂದ ಮೇಲೆ ಹೊಲಗಳೆಲ್ಲ ಅಡಿಕೆ ತೋಟವಾದವು, ತೋಟಕ್ಕೆ ಕಲ್ಲುಕಂಬ, ಮುಳ್ಳುತಂತಿ ಬಂತು. ಮೊದಲ ವರ್ಷ ಬೇಲಿ ಅಂಚಿಗೆ ಇರುತ್ತದೆ, ನಾಲ್ಕನೇ ವರ್ಷ ದಾರಿಯ ಮೇಲೇ ಒಂದು ಸಾಲು ಸಸಿ ನಿಂತಿರುತ್ತದೆ. ಒಂದೂರಿನಲ್ಲಿ ಹದ್ದುಬಸ್ತಿಗೆ ಹೋಗಿದ್ದೆ. ಕೆರೆ ಏರಿಯಿಂದ ಶಾಲೆಗೆ ಹೋಗುತ್ತಿದ್ದ ಕಾಲುದಾರಿ ಇಬ್ಬರ ತೋಟದೊಳಗೆ ಸೇರಿಹೋಗಿತ್ತು. ಸರಪಳಿ ಹಿಡಿದು ಅಳೆದು, ಹೂತುಹೋಗಿದ್ದ ಬಾಂದು ಕಲ್ಲನ್ನು ಅಗೆಸಿ ತೋರಿಸಿದೆ. ಮಹಜರಿಗೆ ಸಹಿ ಹಾಕಲು ಊರಿನ ಒಬ್ಬನೂ ಮುಂದೆ ಬರಲಿಲ್ಲ. ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜಿ ಮಾತ್ರ, ‘ಸ್ವಾಮಿ, ಈ ದಾರಿ ಬುಡ್ಸುದ್ರೆ ನಂಗೆ ಹಳ್ಳ ಸುತ್ತಾಕೋದು ತಪ್ತದೆ’ ಅಂದರು. ಆ ಕಡತ ಮೇಲಿನ ಕಚೇರಿಗೆ ಹೋಯಿತು, ಅಲ್ಲೇ ಉಳಿಯಿತು.

ಆವತ್ತು ನನಗೆ ಹೊಳೆದದ್ದು ಇದು: ಯಾರೂ ನಡೆಯದ ದಾರಿಯ ಪರವಾಗಿ ಮಾತಾಡುವವರು ಇರುವುದಿಲ್ಲ. ವಾರಕ್ಕೆ ಇಪ್ಪತ್ತು ಜನ ಹೊರಗಿನವರು ನಡೆದರೂ ಸಾಕು, ಬೇಲಿ ಒಂದಡಿ ಮುಂದೆ ಬರಲು ಅಂಜುತ್ತದೆ. ಪ್ರವಾಸೋದ್ಯಮ ನನಗೆ ಎರಡನೆಯ ಮಾತು. ಹುಲ್ಲು ಹೊರುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ಕುರಿ ಕಾಯುವವರಿಗೆ ಅವರ ದಾರಿ ಉಳಿಯಬೇಕು ಎಂಬುದೇ ಮೊದಲನೆಯದು.

ತೋಟದವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಎಳನೀರು ಕೀಳುತ್ತಾರೆ, ಬಾಟಲಿ ಒಡೆದು ಹೋಗುತ್ತಾರೆ ಎನ್ನುತ್ತಾರೆ; ದೇವರಾಯನದುರ್ಗದಲ್ಲಿ ಭಾನುವಾರದ ಸಂಜೆ ಬೀಳುವ ಕಸ ನೋಡಿದವರು ಹಾಗೆನ್ನುವುದು ಸಹಜ. ಆದರೆ ಆ ಕಸ ಕಾರಿನಲ್ಲಿ ಬಂದದ್ದು. ಹೆಗಲ ಮೇಲೆ ಹೊತ್ತು ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಡೆಯುವವನು ಅಷ್ಟನ್ನು ತರಲಾರ. ಚಿರತೆಯ ಮಾತು ಇದಕ್ಕಿಂತ ಗಂಭೀರ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ಇದೇ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳಲ್ಲಿ ಚಿರತೆ ಮನುಷ್ಯರನ್ನು ಕೊಂದಿದೆ, ಮಕ್ಕಳನ್ನೂ ಕೊಂದಿದೆ. ಆದ್ದರಿಂದ ಕಾಡಿನ ಭಾಗಕ್ಕೆ ಅರಣ್ಯ ಇಲಾಖೆಯ ಅನುಮತಿ, ಗುಂಪು, ಹಗಲು ಹೊತ್ತು ಈ ಮೂರೂ ಕಡ್ಡಾಯವಾಗಲಿ. ಪೊದೆ ಬೆಳೆದು ಮುಚ್ಚಿದ ದಾರಿಗಿಂತ ಸವರಿ ತೆರವಾದ ದಾರಿ ಊರಿನವರಿಗೂ ಕ್ಷೇಮ.

ಪಕ್ಕದ ಮನೆಗಳಿಗೆ ಸಿಗುವುದು ಸಣ್ಣ ದುಡ್ಡು, ಅದನ್ನು ದೊಡ್ಡದು ಮಾಡಿ ಹೇಳಲಾರೆ. ಆದರೂ ಎಳನೀರು ತೋಟದಲ್ಲೇ ಮಾರಿದರೆ ದಲ್ಲಾಳಿಯ ಪಾಲು ರೈತನಿಗೇ ಉಳಿಯುತ್ತದೆ. ಮುದ್ದೆ, ಅವರೆಕಾಳಿನ ಸಾರು ಬಡಿಸುವ ಸ್ತ್ರೀಶಕ್ತಿ ಸಂಘಗಳಿಗೆ ಕೆಲಸ ಆಗುತ್ತದೆ. ನೀರಾ ಇಳಿಸಿದ ಕೆಲವೇ ಗಂಟೆಯಲ್ಲಿ ಹುಳಿಯುವಂಥದ್ದು, ದೂರ ಸಾಗಿಸುವುದೇ ಕಷ್ಟ. ಕುಡಿಯುವವನು ಮರದ ಬುಡಕ್ಕೇ ನಡೆದು ಬಂದರೆ ಆ ತೊಡಕೇ ಇಲ್ಲ. ಪರವಾನಗಿಯನ್ನು ಅಬಕಾರಿ ಇಲಾಖೆ ಸಣ್ಣ ಬೆಳೆಗಾರನಿಗೆ ಸಲೀಸು ಮಾಡಿಕೊಡಬೇಕು.

ಇಡೀ ಕಣಿವೆಯನ್ನು ಒಮ್ಮೆಗೇ ಹಿಡಿಯುವುದು ಬೇಡ. ಕಡಬ ಕೆರೆ ಏರಿಯಿಂದ ಮಾರ್ಕೋನಹಳ್ಳಿವರೆಗಿನ ಭಾಗ ಮೊದಲು ಆಗಲಿ. ಆರಂಭಕ್ಕೆ ನಿಟ್ಟೂರಿನಲ್ಲಿ ರೈಲು ನಿಲ್ಲುತ್ತದೆ. ಕೊನೆಗೆ 2017ರಲ್ಲಿ ಪೂರ್ತಿಯಾದ ಬೆಂಗಳೂರು–ಹಾಸನ ಮಾರ್ಗದ ಎಡೆಯೂರು ನಿಲ್ದಾಣ ಸಿಗುತ್ತದೆ. ಜಿಲ್ಲಾಡಳಿತ ಮಾಡಬೇಕಾದದ್ದು ಇಷ್ಟು: ನದಿಯ ಎರಡೂ ದಡದ ಗ್ರಾಮಗಳ ನಕಾಶೆಗಳನ್ನು ಒಟ್ಟಿಗೆ ಜೋಡಿಸಿ, ದಾರಿಯನ್ನು ನೆಲದ ಮೇಲೆ ಗುರುತಿಸಿ, ಒತ್ತುವರಿ ತೆರವು ಮಾಡಿಸಿ, ಕವಲಿಗೊಂದು ಕಲ್ಲು ನೆಡುವುದು. ನಕಾಶೆ ಓದಬಲ್ಲ ನಿವೃತ್ತ ಭೂಮಾಪಕರು ಈ ತಾಲ್ಲೂಕುಗಳಲ್ಲಿ ಇದ್ದೇವೆ. ನಮಗೆ ಸಂಬಳ ಬೇಡ, ತಹಶೀಲ್ದಾರರ ಲಿಖಿತ ಆದೇಶ ಒಂದು ಬೇಕು.